ಏರ್ ಫ್ರೈಯರ್ ಓವನ್ ಜೊತೆ ಒಂದೂವರೆ ವರ್ಷ: ಟೇಪು, ಪ್ಲಗ್ಗು, ಸುಟ್ಟ ಬದನೆಕಾಯಿ

ಮೊನ್ನೆ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದ್ದೆ, ಮುದ್ದೆ ಜೊತೆಗೆ. ನಮ್ಮವ್ವ ಒಂದು ತುತ್ತು ನುಂಗಿ, ಇನ್ನೊಂದು ತುತ್ತು ಅದ್ದಿಕೊಂಡು, "ಕೆಂಡದಲ್ಲಿ ಮುಚ್ಚಿಟ್ಟಂಗೇ ಬೆಂದೈತಲ್ಲ ಮಗ" ಅಂದ್ಲು. ಅವ್ವನ ಬಾಯಲ್ಲಿ ಈ ಮಾತು ಬರೋಕೆ ಒಂದು ವರ್ಷದ ಮೇಲೇ ಆಯ್ತು. ಮೊದ್ಲು ಆ ಓವನ್ ಕಂಡ್ರೇ ಆಗ್ತಿರ್ಲಿಲ್ಲ ಅವಳಿಗೆ, "ಆ ಪೆಟ್ಟಿಗೇಲಿ ಮಾಡಿದ್ದು ನಂಗೆ ಬ್ಯಾಡ" ಅಂತ ತಟ್ಟೆ ದೂಡ್ತಿದ್ಲು. ತಪ್ಪು ಅವಳದ್ದಲ್ಲ, ನಾನೇ ಅದರಲ್ಲಿ ಮಾಡಬಾರದ್ದನ್ನೆಲ್ಲ ಮಾಡಿ ಬಡಿಸ್ತಿದ್ದೆ. ಈಗ ಅಕ್ಕಪಕ್ಕದವ್ರು, ಆಫೀಸಲ್ಲಿ ಜೊತೆಗಿರೋರು ಯಾವುದು ತಗೊಳ್ಳೋದು, ತಗೊಂಡು ಏನು ಮಾಡೋದು ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ನಾನು ಕಂಡಿದ್ದನ್ನ ಒಂದೇ ಕಡೆ ಬರೆದಿಟ್ಟುಬಿಡೋಣ ಅಂತ ಕೂತಿದೀನಿ.

ನಾವಿರೋದು ಮೈಸೂರು ಕುವೆಂಪುನಗರದಲ್ಲಿ, ನಾನು, ನಮ್ಮನೆಯವ್ರು, ಇಬ್ರು ಮಕ್ಕಳು, ಮತ್ತೆ ಪಾಂಡವಪುರದ ಕಡೆ ಹಳ್ಳಿಯಿಂದ ಬಂದು ನಮ್ಮ ಜೊತೇಲಿರೋ ನಮ್ಮವ್ವ. ನಮ್ಮನೆಯವ್ರಿಗೆ ಕೊಲೆಸ್ಟ್ರಾಲ್ ಜಾಸ್ತಿ ಬಂದು ಡಾಕ್ಟ್ರು ಕರಿದಿದ್ದು ಕಮ್ಮಿ ಮಾಡಿ ಅಂದ್ರು, ಮನೇಲಿ ಸಾಯಂಕಾಲ ಆದ್ರೆ ಎಲ್ರಿಗೂ ಕುರುಕಲು ಬೇಕು, ಹಾಗಾಗಿ ಏರ್ ಫ್ರೈಯರ್ ಅನ್ನೋದು ತಲೆಗೆ ಬಂತು. ಬಾಣಲೆ ಕೆಲ್ಸವನ್ನೆಲ್ಲ ಅದು ಮಾಡಿಬಿಡತ್ತೆ ಅಂತ ನಾನು ನಂಬಿದ್ದೆ.

ಮೊದ್ಲು ಇದು ಏನು ಅನ್ನೋದು ತಿಳ್ಕೊಂಡಿದ್ರೆ ಅರ್ಧ ಫಜೀತಿ ತಪ್ತಿತ್ತು. ಫಿಲಿಪ್ಸ್‌ನವ್ರು 2010ರಲ್ಲಿ ಏರ್‌ಫ್ರೈಯರ್ ಅಂತ ಮಾರುಕಟ್ಟೆಗೆ ಬಿಟ್ಟಾಗಿಂದ ಆ ಹೆಸರೇ ನಿಂತುಬಿಟ್ಟಿದೆ, ಆದ್ರೆ ಒಳಗಡೆ ಇರೋದು ಒಂದು ಕಾಯಿಲ್ಲು, ಒಂದು ಜೋರಾದ ಫ್ಯಾನು, ಅಷ್ಟೇ. ಬಿಸಿ ಗಾಳಿ ರಭಸವಾಗಿ ಸುತ್ತಿ ಪದಾರ್ಥದ ಮೇಲಿನ ನೀರನ್ನ ಒಣಗಿಸಿ ಕೆಂಪಗೆ ಮಾಡತ್ತೆ. ಎಣ್ಣೆ ಹಂಗಲ್ಲ, 180 ಡಿಗ್ರಿ ಕಾದ ಎಣ್ಣೇಲಿ ಹಿಟ್ಟು ಬಿದ್ದ ಕ್ಷಣ ನಾಕೂ ಕಡೆಯಿಂದ ಶಾಖ ಹಿಡಿಯತ್ತೆ, ಗಾಳಿಗೆ ಅಷ್ಟು ಬೇಗ ಶಾಖ ದಾಟಿಸೋ ಶಕ್ತಿ ಇಲ್ಲ. ಹಾಗಾಗಿ ಇದು ಕರಿಯಲ್ಲ, ಸುಡತ್ತೆ, ಹುರಿಯತ್ತೆ, ಬೇಯಿಸತ್ತೆ. ನಮ್ಮಜ್ಜಿ ಒಲೆ ಆರಿದ್ಮೇಲೆ ಕೆಂಡದಲ್ಲಿ, ಬಿಸಿ ಬೂದೀಲಿ ಏನೇನು ಮುಚ್ಚಿಡ್ತಿದ್ರೋ ಅದೆಲ್ಲ ಇದಕ್ಕೆ ಹೊಂದತ್ತೆ, ಬಾಣಲೇಲಿ ಬಿಡ್ತಿದ್ದದ್ದು ಮುಕ್ಕಾಲು ಪಾಲು ಹೊಂದಲ್ಲ. ಇದು ನಂಗೆ ಗೊತ್ತಾಗಿದ್ದು ಸುಮಾರು ಸಾಮಾನು ಹಾಳು ಮಾಡಿದ್ಮೇಲೆ.

ಸಯ್ಯಾಜಿರಾವ್ ರೋಡು, ಕಾಳಿದಾಸ ರೋಡು ಎಲ್ಲ ಸುತ್ತಿದ್ವಿ. ಎರಡು ಥರ ಬರತ್ತೆ, ಒಂದು ಡ್ರಾಯರ್ ಥರ ಎಳೆಯೋ ಬುಟ್ಟಿ ಇರೋದು, ಇನ್ನೊಂದು ಗಾಜಿನ ಬಾಗಿಲು ತೆಗ್ದು ಒಳಗೆ ಟ್ರೇ ಜೋಡಿಸೋದು. ಬುಟ್ಟೀದು ಬೇಗ ಬಿಸಿ ಆಗತ್ತೆ, ತೊಳೆಯೋದು ಸಲೀಸು, ಇಬ್ರು ಇರೋ ಮನೆಗೆ ಅದೇ ಸಾಕು. ಆದ್ರೆ ಐದು ಜನಕ್ಕೆ ಅದರಲ್ಲಿ ಮಾಡಿದ್ರೆ ಮೂರು ಸರ್ತಿ ಹಾಕ್ಬೇಕು, ಕೊನೇದು ಆಗೋಷ್ಟರಲ್ಲಿ ಮೊದಲ್ನೇದು ತಣ್ಣಗಾಗಿರತ್ತೆ. ಇದರಲ್ಲಿ ಒಂದರ ಮೇಲೊಂದು ಹೇರೋ ಹಂಗಿಲ್ಲ, ಹೇರಿದ್ರೆ ಗಾಳಿ ಓಡಾಡಲ್ಲ, ಮಧ್ಯದ್ದು ಬೆವರಿ ಮೆತ್ತಗಾಗತ್ತೆ. ಅದಕ್ಕೇ ನಾವು ಬಾಗಿಲಿಂದು ತಗೊಂಡ್ವಿ, 23 ಲೀಟರ್, 1700 ವ್ಯಾಟ್.

ಲೀಟರ್ ನೋಡಿ ತಗೋಬೇಡಿ, ಇದನ್ನ ನಾನು ಎಲ್ರಿಗೂ ಒತ್ತಿ ಹೇಳ್ತೀನಿ. ಲೀಟರ್ ಅಂದ್ರೆ ಒಳಗಿನ ಖಾಲಿ ಜಾಗ, ಅದರಲ್ಲಿ ಎತ್ತರಾನೂ ಸೇರಿರತ್ತೆ, ನಮಗೆ ಬೇಕಾಗಿರೋದು ಟ್ರೇ ಎಷ್ಟು ಅಗಲ ಅನ್ನೋದು. ಮೊದಲ್ನೇ ಅಂಗಡೀಲಿ ಸೇಲ್ಸ್ ಹುಡುಗ ಲೀಟರ್ ಹೇಳ್ತಾನೇ ಇದ್ದ, ನಂಗೆ ಒಂದೂ ಅಂದಾಜು ಸಿಗ್ಲಿಲ್ಲ, ಮಾರನೇ ದಿನ ಮನೆಯಿಂದ ಟೈಲರಿಂಗ್ ಟೇಪೂ, ದಿನಾ ಊಟ ಮಾಡೋ ಒಂದು ಸ್ಟೀಲ್ ತಟ್ಟೇನೂ ಬ್ಯಾಗಲ್ಲಿ ಹಾಕ್ಕೊಂಡು ಹೋದೆ. ತಟ್ಟೆ ಒಳಗೆ ಇಟ್ಟು ನೋಡಿದ್ರೆ ಒಂದರಲ್ಲಿ ಬಾಗಿಲೇ ಹಾಕೋಕಾಗ್ಲಿಲ್ಲ, ಇನ್ನೊಂದರಲ್ಲಿ ಸಲೀಸಾಗಿ ಕೂತು ಸುತ್ತ ಎರಡು ಬೆರಳು ಜಾಗ ಉಳೀತು, ಅದನ್ನೇ ತಗೊಂಡ್ವಿ. ಓವನ್ ಮೇಲೆ ಬರೆದಿರೋ ಹನ್ನೆರಡು ಮೆನು, ಹದಿನಾರು ಮೆನು ಎಲ್ಲ ಬೇರೆ ಬೇರೆ ಟೈಮು, ಟೆಂಪರೇಚರ್‌ನ ಹೆಸರುಗಳು ಅಷ್ಟೇ, ನಾನು ಒಂದೂ ಮುಟ್ಟಲ್ಲ. ನೋಡ್ಬೇಕಾದ್ದು ಬೇರೆ ಮೂರಿದೆ: ಮೇಲಿನ ಕಾಯಿಲ್ಲು, ಕೆಳಗಿನ ಕಾಯಿಲ್ಲು ಬೇರೆ ಬೇರೆ ಆನ್ ಮಾಡಕ್ಕಾಗತ್ತಾ, ಫ್ಯಾನ್ ಆಫ್ ಮಾಡಕ್ಕಾಗತ್ತಾ, ಮತ್ತೆ ಆ ಕಂಪ್ನೀದು ಸರ್ವೀಸ್ ಸೆಂಟರ್ ಮೈಸೂರಲ್ಲೇ ಇದೆಯಾ ಇಲ್ಲ ಬೆಂಗಳೂರಿಗೆ ಕಳಿಸ್ಬೇಕಾ. ಕೋಳಿ ಚುಚ್ಚಿ ತಿರುಗಿಸೋ ಕಂಬಿ ಕೊಟ್ಟಿದಾರೆ, ಒಂದೂವರೆ ವರ್ಷದಲ್ಲಿ ಒಂದೇ ಸಲ ಆಚೆ ತೆಗೆದಿರೋದು.

ಇನ್ನು ಪ್ಲಗ್ಗಿನ ಕಥೆ. ಇದನ್ನ ದಯವಿಟ್ಟು ಪೂರ್ತಿ ಓದಿ.

ನಮ್ಮ ಅಡುಗೆಮನೇಲಿ ದೊಡ್ಡ ಪ್ಲಗ್ ಪಾಯಿಂಟ್ ಒಂದೇ, ಅದಕ್ಕೆ ಫ್ರಿಜ್ ಹಾಕಿತ್ತು. ಓವನ್‌ದು ದಪ್ಪ ಮೂರು ಪಿನ್ನಿನ 16 ಆಂಪ್ ಪ್ಲಗ್, ಮಿಕ್ಸಿ ಹಾಕೋ ಸಣ್ಣ ಪಾಯಿಂಟ್‌ಗೆ ಹೋಗಲ್ಲ, ನಾನು ಒಂದು ಕನ್ವರ್ಟರ್ ತಂದು ಅದಕ್ಕೇ ಸಿಗಿಸ್ದೆ. ಎರಡು ವಾರ ನಡೀತು. ಒಂದು ಭಾನುವಾರ ಚಿಕನ್ ಇಟ್ಟಿದ್ದೆ, ಇಪ್ಪತ್ತು ನಿಮಿಷ ಆಗಿರ್ಬೇಕು, ಮೀನು ಕೊಳೆತ ಥರ ಒಂದು ಕೆಟ್ಟ ವಾಸನೆ, ಕೋಳೀನೇ ಸರಿ ಇಲ್ವೇನೋ ಅಂತ ಬಾಗಿಲು ತೆಗೆದು ಮೂಸಿ ನೋಡ್ತಾ ಇದೀನಿ, ನನ್ ಮಗಳು "ಅಮ್ಮಾ, ಗೋಡೆ ನೋಡು" ಅಂತ ಕೂಗಿದ್ಲು. ಬಿಳೀ ಸ್ವಿಚ್ ಬೋರ್ಡು ಕಂದು ಬಣ್ಣಕ್ಕೆ ತಿರುಗಿತ್ತು, ಕನ್ವರ್ಟರ್ ಕರಗಿ ಒಂದು ಕಡೆ ಜೋತುಬಿದ್ದಿತ್ತು. ಓಡಿಹೋಗಿ ಮೈನ್ ಆಫ್ ಮಾಡಿದೆ. ಕೈ ನಡುಗ್ತಿತ್ತು ನಂಗೆ, ಅವ್ವ ಅದೇ ಗೋಡೆ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸ್ತಿದ್ಲು.

ಎಲೆಕ್ಟ್ರಿಷಿಯನ್ ಬಂದು ಲೆಕ್ಕ ಹೇಳಿದ್ಮೇಲೆ ಅರ್ಥ ಆಯ್ತು. ಸಣ್ಣ ಪಾಯಿಂಟ್ 6 ಆಂಪ್, 230 ವೋಲ್ಟ್‌ಗೆ ಅದು ತಡೆಯೋದು ಹೆಚ್ಚೆಂದ್ರೆ 1380 ವ್ಯಾಟ್. ನಮ್ಮ ಓವನ್ 1700 ವ್ಯಾಟ್, ಅಂದ್ರೆ ಏಳು ಆಂಪ್ ಮೇಲೇ ಎಳೆಯತ್ತೆ, ಅದೂ ಮಿಕ್ಸಿ ಥರ ಎರಡು ನಿಮಿಷಕ್ಕಲ್ಲ, ಅರ್ಧ ಗಂಟೆ. ಎಂಸಿಬಿ, ಅಂದ್ರೆ ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು, ಯಾಕೆ ಬೀಳ್ಲಿಲ್ಲ ಅಂತ ಕೇಳಿದೆ, "ಅಕ್ಕ, ಅದು ಬೀಳೋಕೆ ಇನ್ನೂ ಜಾಸ್ತಿ ಎಳೀಬೇಕು, ಅಷ್ಟರಲ್ಲಿ ಪಿನ್ ಹಿಡಿಯೋ ಜಾಗ ಕಾದು ಕರಗಿಬಿಡತ್ತೆ" ಅಂದ. ಮೈನ್ ಬೋರ್ಡಿಂದ 4 ಸ್ಕ್ವೇರ್ ಎಂಎಂ ವೈರು ಹೊಸದಾಗಿ ಎಳೆದು, ಅದಕ್ಕೇ ಬೇರೆ ಎಂಸಿಬಿ ಹಾಕಿ, 16 ಆಂಪ್ ಪಾಯಿಂಟ್ ಕೊಟ್ಟ. ಓವನ್ ತರೋ ಮೊದ್ಲೇ ಈ ಕೆಲ್ಸ ಮಾಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಅಂತೂ ಹಾಕಲೇಬೇಡಿ.

ಇಡೋ ಜಾಗಾನೂ ಅಷ್ಟೇ ಮುಖ್ಯ, ಹಿಂದೆ ಮೇಲೆ ಒಂದು ಗೇಣು ಖಾಲಿ ಬಿಟ್ಟು ಗ್ರಾನೈಟ್ ಕಟ್ಟೆ ಮೇಲೆ ಇಟ್ಟಿದೀನಿ, ಲ್ಯಾಮಿನೇಟ್ ಕಪಾಟಿನ ಕೆಳಗೆ ಇಟ್ರೆ ಬಿಸಿಗೆ ಹಾಳೆ ಎದ್ದುಬಿಡತ್ತೆ.

ಕರೆಂಟ್ ಎಷ್ಟು ತಿನ್ನತ್ತೆ ಅಂತ ಎಲ್ರೂ ಕೇಳ್ತಾರೆ. ಬೇರೆ ಎಲ್ಲ ಆಫ್ ಮಾಡಿ ಮೀಟರ್ ಮುಂದೆ ನಿಂತು ನೋಡಿದೀನಿ, 200 ಡಿಗ್ರೀಲಿ ಅರ್ಧ ಗಂಟೆಗೆ ಅರ್ಧ ಯೂನಿಟ್ ಮೇಲೆ ಚೂರು ಬರತ್ತೆ, ಯಾಕಂದ್ರೆ ಕಾದ್ಮೇಲೆ ಕಾಯಿಲ್ಲು ಆಫ್ ಆಗಿ ಆನ್ ಆಗಿ ಮಾಡ್ತಿರತ್ತೆ. ದಿನಾ ಒಂದು ಸಲ ಅಂದ್ರೆ ತಿಂಗಳಿಗೆ ಹದಿನೈದರಿಂದ ಇಪ್ಪತ್ತು ಯೂನಿಟ್. ಗೃಹಜ್ಯೋತೀಲಿ ಇರೋರು ಇದನ್ನ ಯೋಚ್ನೆ ಮಾಡ್ಬೇಕು, ನಿಮ್ಮ ಮೀಟರಿಗೆ ಹಳೇ ಸರಾಸರಿ ನೋಡಿ ಇಷ್ಟು ಯೂನಿಟ್ ಫ್ರೀ ಅಂತ ಕಟ್ಟಿರ್ತಾರೆ, ಅದರ ಮೇಲೆ ಹೋದಷ್ಟಕ್ಕೆ ದುಡ್ಡು ಕಟ್ಬೇಕು, 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ಲು. ನಾನು ಒಂದು ಸಲ ಬಿಸಿ ಮಾಡಿದ್ರೆ ಎರಡು ಮೂರು ಐಟಂ ಸಾಲಾಗಿ ಮಾಡಿಬಿಡ್ತೀನಿ, ಮೊದ್ಲು ಬದನೆಕಾಯಿ, ಅದಾದ್ಮೇಲೆ ಇಳಿಯೋ ಬಿಸೀಲಿ ಕಡ್ಲೆಬೀಜ.

ಕೆಟ್ಟಿದ್ದು ಏನೇನು ಅಂತಾನೂ ಹೇಳ್ತೀನಿ. ಮಂಡ್ಯ ಕಡೆಯೋರು ನಾವು, ಮದ್ದೂರು ವಡೆ ಬಿಟ್ಟು ಇರೋಕಾಗಲ್ಲ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕರಿಬೇವು ಎಲ್ಲ ಸರಿಯಾಗೇ ಕಲಸಿ, ತಟ್ಟಿ, ಎರಡೂ ಕಡೆ ಎಣ್ಣೆ ಸವರಿ 180ರಲ್ಲಿ ಹದಿನೆಂಟು ನಿಮಿಷ ಇಟ್ಟೆ. ನೋಡೋಕೆ ಕೆಂಪಗೆ ಚೆನ್ನಾಗೇ ಇತ್ತು, ಕಚ್ಚಿದ್ರೆ ಒಣ ಬಿಸ್ಕತ್ತು. ಎಣ್ಣೇಲಿ ಹೊರಗೆ ಗರಿಗರಿ ಆಗಿ ಒಳಗೆ ಈರುಳ್ಳಿ ಹಸಿ ಉಳ್ಕೊಂಡು ಒಂದು ಮೆದು ಇರತ್ತಲ್ಲ, ಗಾಳಿ ಅಷ್ಟು ಹೊತ್ತು ಹೊಡೆದು ಅದನ್ನೇ ಒಣಗಿಸಿಬಿಡತ್ತೆ. ಮೂರು ಸಲ ಮಾಡಿ ಬಿಟ್ಟೆ, ಈಗ ತಿನ್ಬೇಕು ಅನ್ಸಿದಾಗ ಎಣ್ಣೇಲೇ ಮಾಡಿ ಒಂದೊಂದು ತಿಂತೀವಿ. ಆದ್ರೆ ಮದ್ದೂರಿಂದ ಕಟ್ಟಿಸ್ಕೊಂಡು ಬಂದ ವಡೆ ಮಾರನೇ ದಿನ ಮೆತ್ತಗಾಗಿರತ್ತಲ್ಲ, ಅದನ್ನ 160ರಲ್ಲಿ ನಾಕು ನಿಮಿಷ ಇಟ್ಟು ನೋಡಿ, ಒಂದು ಹನಿ ಎಣ್ಣೆ ಬೇಡ, ಮತ್ತೆ ಗರಿಗರಿ. ಬಜ್ಜಿ, ಬೋಂಡ ನೆನೆಸ್ಕೊಳ್ಳೋದೇ ಬೇಡ, ಹಿಟ್ಟು ಗಟ್ಟಿ ಆಗೋ ಮೊದ್ಲೇ ಜಾಲರಿಯಿಂದ ಸೋರಿಹೋಗತ್ತೆ. ಹಪ್ಪಳ ಹಾರಿ ಮೇಲಿನ ಕಾಯಿಲ್ಲಿಗೆ ಅಂಟ್ಕೊಳ್ಳತ್ತೆ, ಮೇಲೆ ಇನ್ನೊಂದು ಜಾಲರಿ ಮುಚ್ಚಿಟ್ರೆ ಸರಿಯಾಗತ್ತೆ. ಬಿಡಿ ಕರಿಬೇವೂ ಹಂಗೇ, ಫ್ಯಾನ್ ಗಾಳಿಗೆ ಎದ್ದು ಸುಟ್ಟು ಕಮಟು ವಾಸನೆ.

ಈಗ ಬದನೆಕಾಯಿ. ದೇವರಾಜ ಮಾರ್ಕೆಟ್ಟಿಂದ ದಪ್ಪ ಗುಂಡು ಬದನೆಕಾಯಿ ತರ್ತೀನಿ, ಕೈಲಿ ಹಿಡಿದ್ರೆ ಹಗುರ ಅನ್ನಿಸ್ಬೇಕು, ಭಾರ ಇದ್ರೆ ಬೀಜ ಜಾಸ್ತಿ. ಎಣ್ಣೆ ಸವರಿ ಫೋರ್ಕಲ್ಲಿ ಏಳೆಂಟು ಕಡೆ ಚುಚ್ಚಿ, ಇಲ್ಲಾಂದ್ರೆ ಒಳಗಿನ ಹಬೆಗೆ ಒಡೆದು ಓವನ್ ತುಂಬ ಎರಚತ್ತೆ. ಐದು ನಿಮಿಷ ಖಾಲಿ ಕಾಯಿಸಿ 200 ಡಿಗ್ರೀಲಿ ಇಪ್ಪತ್ತೈದು ನಿಮಿಷ, ಮಧ್ಯದಲ್ಲಿ ಒಂದು ಸಲ ತಿರುಗಿಸಿ. ಸಿಪ್ಪೆ ಸುಕ್ಕುಗಟ್ಟಿ ತೊಟ್ಟಿನ ಹತ್ರ ಒತ್ತಿದ್ರೆ ಬೆರಳು ಹಂಗೇ ಒಳಗೆ ಹೋದ್ರೆ ಆಯ್ತು. ಹೊಗೆ ಕಂಪು ಮಾತ್ರ ಇದರಲ್ಲಿ ಬರಲ್ಲ, ಅವ್ವ ತಟ್ಟೆ ದೂಡ್ತಿದ್ದದ್ದು ಇದಕ್ಕೇ ಅಂತ ತುಂಬ ದಿನ ಆದ್ಮೇಲೆ ಹೊಳೀತು, ಈಗ ಓವನ್ನಿಂದ ತೆಗೆದಿದ್ದನ್ನ ಗ್ಯಾಸ್ ಉರಿ ಮೇಲೆ ಅರ್ಧ ನಿಮಿಷ ತಿರುಗಿಸ್ತೀನಿ, ಸಿಪ್ಪೆ ಚಿಟಪಟ ಅಂತ ಸುಡತ್ತೆ, ಆ ಕಂಪು ಒಳಗೆ ಇಳಿಯತ್ತೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯೀನೂ ಅದೇ ಟ್ರೇ ಮೂಲೇಲಿ ಹತ್ತು ನಿಮಿಷ ಇಟ್ಟಿರ್ತೀನಿ, ಹುಣಸೆಹುಳಿ, ಉಪ್ಪು ಹಾಕಿ ಕಿವುಚಿದ್ರೆ ಗೊಜ್ಜು.

ಗೆಣಸು ಸಿಪ್ಪೆ ಸಮೇತ 190ರಲ್ಲಿ ನಲವತ್ತು ನಿಮಿಷ, ಸಿಪ್ಪೆಯಿಂದ ಬೆಲ್ಲದ ಪಾಕದ ಥರ ಜಿನುಗತ್ತೆ, ಸಂಕ್ರಾಂತೀಲಿ ಬೇಯಿಸಿದ್ದಕ್ಕಿಂತ ನಮ್ಮ ಮಕ್ಕಳಿಗೆ ಇದೇ ಇಷ್ಟ. ಹಸಿ ಕಡ್ಲೆಬೀಜ 150, ಹನ್ನೆರಡು ನಿಮಿಷ, ಎರಡು ಸಲ ಕೈಯಾಡಿಸಿ, ಕೊನೆ ಎರಡು ನಿಮಿಷ ಮುಂದೇನೇ ನಿಂತಿರಿ. ಆಲೂಗೆಡ್ಡೆ ಹೆಚ್ಚಿ ಅರ್ಧ ಗಂಟೆ ನೀರಲ್ಲಿ ನೆನೆಸಿ ಒರೆಸಿ ಹಾಕಿ, ಹೊಂಬಣ್ಣಕ್ಕೆ ತೆಗೆದುಬಿಡಿ, ಕಪ್ಪಗಾಗೋಕೆ ಬಿಡಬೇಡಿ, ಕಪ್ಪಾದಷ್ಟೂ ಅಕ್ರಿಲಮೈಡ್ ಅನ್ನೋ ಬೇಡದ ವಸ್ತು ಜಾಸ್ತಿ ಆಗತ್ತೆ. ಕೇಕ್‌ಗೆ ಮಾತ್ರ ಫ್ಯಾನ್ ಆಫ್, ಫ್ಯಾನ್ ಇದ್ರೆ ಮೇಲೆ ಬೇಗ ಗಟ್ಟಿಯಾಗಿ ಮಧ್ಯ ಹಸೀನೇ ಉಳಿಯತ್ತೆ.

ಚಿಕನ್ ಲೆಗ್ ಪೀಸು ಹಿಂದಿನ ರಾತ್ರಿ ಮೊಸರು, ಖಾರದ ಪುಡಿ, ಶುಂಠಿ ಬೆಳ್ಳುಳ್ಳಿ ಹಚ್ಚಿಟ್ಟು 200ರಲ್ಲಿ ಮೂವತ್ತು ನಿಮಿಷ. ಕೆಳಗಿನ ಟ್ರೇಲಿ ಒಂದು ಲೋಟ ನೀರು ಹುಯ್ದಿಡಿ, ಸುರಿಯೋ ಕೊಬ್ಬು ಬಿಸಿ ತಗಡಿಗೆ ಬಿದ್ದು ಹೊಗೆ ಏಳೋದು ನಿಲ್ಲತ್ತೆ, ಆಮೇಲೆ ಟ್ರೇ ಉಜ್ಜೋ ಕಷ್ಟಾನೂ ಇಲ್ಲ. ಮುಗಿದ್ಮೇಲೆ ಪ್ಲಗ್ ತೆಗೆದು, ಬೆಚ್ಚಗಿರೋವಾಗ್ಲೇ ಒದ್ದೆ ಬಟ್ಟೇಲಿ ಒಳಗೋಡೆ ಒರೆಸಿಬಿಡ್ತೀನಿ, ಮಾರನೇ ದಿನಕ್ಕೆ ಬಿಟ್ರೆ ಜಿಡ್ಡು ಗಟ್ಟಿಯಾಗಿ ಮುಂದಿನ ಸಲ ಹೊಗೆ ಬರತ್ತೆ.

ಈಗ ಅವರೆಕಾಯಿ ಕಾಲ ಬರ್ತಿದೆ. ಹೋದ ವರ್ಷ ಹಿತಕಿದ ಅವರೆಬೇಳೆ 180ರಲ್ಲಿ ಇಟ್ಟು ಕಲ್ಲು ಮಾಡಿದ್ದೆ. ಈ ಸಲ ಬಟ್ಟೆ ಮೇಲೆ ಎರಡು ಗಂಟೆ ಆರಿಸಿ, ಒಂದು ಚಮಚ ಎಣ್ಣೆ ಕಲಸಿ, 150ರಿಂದ ಶುರು ಮಾಡಿ ನೋಡೋಣ ಅಂತಿದೀನಿ. ಬೇಳೆ ನಾನೇ ಹಿಸುಕಿಕೊಡ್ತೀನಿ ಅಂದಿದಾಳೆ ಅವ್ವ.