ಮುಂದಿನ ಚೈನ್ ವೀಲ್‌ಗೆ ಎಷ್ಟು ಹಲ್ಲು?

ಮೌಂಟನ್ ಬೈಕಿಗೆ ಕ್ರ್ಯಾಂಕ್‌ಸೆಟ್ (ಪೆಡಲಿನ ತೋಳು, ಮುಂದಿನ ಚೈನ್ ವೀಲ್ ಸೇರಿದ ಭಾಗ) ಹುಡುಕಲು ಹೊರಟವರು ಮೊದಲು ಕೇಳುವುದು ಕಂಪನಿ ಯಾವುದು, ತೂಕ ಎಷ್ಟು ಅಂತ. ನಾನು ಹಿಂದಿನಿಂದ ಶುರು ಮಾಡಿದೆ. ವಾರವಾರ ಹತ್ತುವ ಏರಿಗೆ ಎಷ್ಟು ಸಣ್ಣ ಗೇರ್ ಬೇಕು ಅನ್ನುವುದು ಮೊದಲು, ನನ್ನ ಫ್ರೇಮಿಗೆ ಏನು ಹಿಡಿಸುತ್ತದೆ ಅನ್ನುವುದು ಆಮೇಲೆ. ಕಂಪನಿ, ಬಣ್ಣ, ಗ್ರಾಂ ಲೆಕ್ಕ ಎಲ್ಲ ಕೊನೆಗೆ.

ನಾನು ತುಳಿಯುವುದು ಚಿಕ್ಕಮಗಳೂರಿನ ಸುತ್ತಮುತ್ತ. ಮುಳ್ಳಯ್ಯನಗಿರಿ ಕಡೆಯ ಟಾರ್ ರಸ್ತೆ ಉದ್ದ ಏರು ನಿಜ, ಆದರೆ ಅಲ್ಲಿ ಕಾಲಿಗೆ ಒಂದು ಲಯ ಸಿಗುತ್ತದೆ. ತೊಂದರೆ ಇರುವುದು ಕಾಫಿ ತೋಟದೊಳಗಿನ ಜೀಪ್ ದಾರಿಗಳಲ್ಲಿ. ಮಳೆಗಾಲದಲ್ಲಿ ಕಲ್ಲಿಗೆ ಪಾಚಿ, ಪಾಚಿಯ ಮೇಲೆ ಉದುರಿದ ಸಿಲ್ವರ್ ಓಕ್ ಎಲೆ. ಅಂಥ ಕಡೆ ಸೀಟಿನಿಂದ ಎದ್ದು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಟೈರು ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಕೂತೇ ತುಳಿಯಬೇಕು. ಕೂತು ತುಳಿಯಬೇಕೆಂದರೆ ಗೇರ್ ಸಣ್ಣದಿರಬೇಕು, ಇಲ್ಲದಿದ್ದರೆ ಮಂಡಿ ಹಿಡಿದುಕೊಳ್ಳುತ್ತದೆ.

ಸೈಕಲ್ ಜೊತೆಗೇ ಬಂದಿದ್ದ ಕ್ರ್ಯಾಂಕಿಗೆ 42-32-22 ಹಲ್ಲಿನ ಮೂರು ಚೈನ್ ವೀಲ್. ಹಿಂದೆ ಎಂಟು ಸ್ಪೀಡಿನ 11-32 ಕ್ಯಾಸೆಟ್, ಅಂದರೆ 11ರಿಂದ 32 ಹಲ್ಲಿನವರೆಗಿನ ಎಂಟು ಚಕ್ರಗಳ ಗೊಂಚಲು. ಅದರ ಅತಿ ಸಣ್ಣ ಗೇರ್ 22 ಭಾಗಿಸು 32, ಅಂದರೆ 0.69. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಮುಕ್ಕಾಲು ಸುತ್ತೂ ಬರುವುದಿಲ್ಲ. ಇದೂ ನನಗೆ ಒಂದು ಎಳೆಯಷ್ಟು ಭಾರವೇ ಆಗುತ್ತಿತ್ತು. ಅದಕ್ಕಿಂತ ದೊಡ್ಡ ಪೀಡೆ ಇನ್ನೊಂದಿತ್ತು. 22ರ ಉಕ್ಕಿನ ವೀಲಿನ ಹಲ್ಲು ಸವೆದು ಕೊಕ್ಕೆಯಾಗಿ ಬಾಗಿತ್ತು. ಕೆಂಪು ಕೆಸರು ಮೆತ್ತಿಕೊಂಡ ದಿನ ಆ ಕೊಕ್ಕೆ ಚೈನನ್ನು ಬಿಡುತ್ತಲೇ ಇರಲಿಲ್ಲ. ತನ್ನ ಜೊತೆಗೇ ಮೇಲಕ್ಕೆಳೆದು ಫ್ರೇಮಿಗೂ ವೀಲಿಗೂ ನಡುವೆ ಸಿಕ್ಕಿಸುತ್ತಿತ್ತು. ಅಲ್ಯೂಮಿನಿಯಂ ಚೈನ್‌ಸ್ಟೇ (ಪೆಡಲಿನ ಕಡೆಯಿಂದ ಹಿಂದಿನ ಚಕ್ರದವರೆಗಿನ ಫ್ರೇಮಿನ ಕೊಳವೆ) ಮೇಲೆ ಆದ ಗೀರುಗಳನ್ನು ಈಗಲೂ ಬೆರಳಿಟ್ಟು ಎಣಿಸಬಹುದು. ಚೈನನ್ನು ಒಂದು ವೀಲಿನಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೇಲರ್ ಅಂತೂ ಎಲೆ, ಮಣ್ಣು ತುಂಬಿಕೊಂಡು ಮಳೆಗಾಲ ಪೂರ್ತಿ ನಿದ್ದೆ. ಹಾಗಾಗಿ ಮುಂದೆ ಒಂದೇ ಚೈನ್ ವೀಲ್ ಸಾಕು ಅನ್ನುವ ತೀರ್ಮಾನಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಪ್ಪ, ಒಂದು ತೆಳು ಹಲ್ಲು ಬರುವ ನ್ಯಾರೋ-ವೈಡ್ ರಿಂಗ್ (ಚೈನ್ ವೀಲ್) ಇದ್ದರೆ ಡಿರೇಲರ್ ಇಲ್ಲದೆಯೂ ಚೈನ್ ಜಾಗ ಬಿಡುವುದಿಲ್ಲ. 2012ರಲ್ಲಿ ಶ್ರಾಮ್ ಕಂಪನಿಯ ಎಕ್ಸ್‌ಎಕ್ಸ್1 ಗೇರ್ ಸೆಟ್ ಬಂದ ಮೇಲೆ ಇದು ಬೆಟ್ಟದ ಸೈಕಲ್‌ಗಳಲ್ಲಿ ಮಾಮೂಲಾಯಿತು.

ಹಿಂದಕ್ಕೆ ಶಿಮಾನೊ ಡಿಯೋರ್ ಎಂ4100ರ ಹತ್ತು ಸ್ಪೀಡಿನ 11-46 ಕ್ಯಾಸೆಟ್ ತೆಗೆದುಕೊಂಡೆ. ನನ್ನ ಹಳೆಯ ಹಬ್‌ಗೇ ಅದು ಕೂರುತ್ತದೆ, ಬೇರೆ ಫ್ರೀಹಬ್ (ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ) ಬೇಕಿಲ್ಲ. ಇನ್ನು, ಮುಂದಿನ ವೀಲಿಗೆ ಎಷ್ಟು ಹಲ್ಲು? ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದು 32. ಲೆಕ್ಕ ಹಾಕಿದರೆ 32 ಭಾಗಿಸು 46, 0.70, ಹೆಚ್ಚುಕಡಿಮೆ ಮತ್ತದೇ! ಇಷ್ಟೆಲ್ಲ ಖರ್ಚು ಮಾಡಿ ಮೊದಲಿದ್ದಲ್ಲಿಗೇ ಬಂದು ನಿಲ್ಲಬೇಕೆ? 30 ಹಾಕಿದರೆ 0.65. ನಿಮಿಷಕ್ಕೆ 60 ಸುತ್ತು ತುಳಿದರೆ ನನ್ನ 29 ಇಂಚಿನ ಚಕ್ರದಲ್ಲಿ ಗಂಟೆಗೆ ಐದೂವರೆ ಕಿಲೋಮೀಟರಿನ ಹತ್ತಿರ. ತೋಟದ ಕೂಲಿಯವರು ಪಕ್ಕದಲ್ಲಿ ಮಾತಾಡಿಸುತ್ತಾ ನಡೆದು ಬರಬಹುದು, ಬಂದೂ ಇದ್ದಾರೆ. ಇಳಿಜಾರಿನ ಕಡೆ ಕಳೆದುಕೊಳ್ಳುವುದು ಇಷ್ಟೇ: 30-11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಸುಮಾರು 34 ಕಿ.ಮೀ. ವೇಗ, 32-11ರಲ್ಲಿ 36. ಘಾಟಿ ಇಳಿಯುವಾಗ ನಾನು ತುಳಿಯುವುದೇ ಇಲ್ಲ, ಬ್ರೇಕ್ ಹಿಡಿದಿರುತ್ತೇನೆ. ಆ ಎರಡು ಕಿಲೋಮೀಟರ್ ಯಾರಿಗೆ ಬೇಕು?

30 ಅಂತ ಗೊತ್ತಾದ ಮೇಲೆ ಎಷ್ಟೋ ಕ್ರ್ಯಾಂಕ್‌ಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋದವು. ನಾಲ್ಕು ಬೋಲ್ಟುಗಳ ಮೇಲೆ ಹಾಯುವ ವೃತ್ತದ ವ್ಯಾಸ 104 ಮಿ.ಮೀ. ಇರುವ ಹಳೆಯ ಮಾದರಿಗೆ ಸಾಮಾನ್ಯವಾಗಿ 32ಕ್ಕಿಂತ ಸಣ್ಣ ರಿಂಗ್ ಕೂರುವುದಿಲ್ಲ, ಬೋಲ್ಟಿಗೇ ಚೈನ್ ತಗಲುತ್ತದೆ. ರಿಂಗಿನಲ್ಲೇ ಬೋಲ್ಟಿನ ಮರೆ (ಥ್ರೆಡ್) ಕೊರೆದಿರುವ 30ರದು ಪ್ರತ್ಯೇಕವಾಗಿ ಸಿಗುತ್ತದೆ, ನನಗೆ ಅದರ ಉಸಾಬರಿ ಬೇಡವಾಗಿತ್ತು. ಶಿಮಾನೊ ಎಸ್‌ಎಲ್‌ಎಕ್ಸ್ ಎಂ7000ರ ಒಂದೇ ವೀಲಿನ ಕ್ರ್ಯಾಂಕಿಗೆ ಈ ಅಳತೆ 96, ಅದಕ್ಕೆ 30 ಹಲ್ಲು ಧಾರಾಳವಾಗಿ ಹಿಡಿಸುತ್ತದೆ. ಬೆಂಗಳೂರಿನ ಒಬ್ಬ ಸವಾರರ ಹತ್ತಿರ ಬಳಸಿದ್ದು ಸಿಕ್ಕಿತು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ನಾನು ನೋಡುವುದು ಎರಡೇ. ಎಡ ತೋಳಿನ ಒಳಗೆ ಅಚ್ಚು ಕೂರುವ ಗೀರುಹಲ್ಲು ಸವೆದು ಉಂಡೆಯಾಗಿದೆಯೇ, ಪೆಡಲಿನ ಮರೆ ಸರಿ ಇದೆಯೇ. ಮೈಮೇಲಿನ ಪೇಂಟ್ ಹೋಗಿದ್ದರೆ ಹೋಗಲಿ, ಶೂ ತಿಕ್ಕಿ ಹೇಗೂ ಹೋಗುವುದೇ.

ಹಣ ಕೊಡುವ ಮುಂಚೆ ಮಾಡಿದ ಅಳತೆಗಳು ಇಲ್ಲಿ ಮುಖ್ಯ. ಪೆಡಲಿನ ಅಚ್ಚಿನ ಬೇರಿಂಗ್, ಅಂದರೆ ಬಾಟಮ್ ಬ್ರಾಕೆಟ್, ಕೂರುವ ಕೊಳವೆ 73 ಮಿ.ಮೀ. ಅಗಲ, ಒಳಗೆ ಮರೆ ಇರುವಂಥದ್ದು. ಅಂದರೆ 24 ಮಿ.ಮೀ. ಅಚ್ಚಿನ ಶಿಮಾನೊದ ಹಾಲೋಟೆಕ್ 2 ಬೇರಿಂಗ್ ಕಪ್‌ಗಳು ನೇರ ಕೂರುತ್ತವೆ, ಬೇರಿಂಗ್ ಹಾಳಾದರೆ ಕೊರಿಯರಿನಲ್ಲಿ ತರಿಸಿ ಮನೆಯಲ್ಲೇ ಹಾಕಬಹುದು. ಒತ್ತಿ ಕೂರಿಸುವ ಪ್ರೆಸ್‌ಫಿಟ್ ಫ್ರೇಮ್ ಇದ್ದಿದ್ದರೆ ಕಥೆ ಬೇರೆ. ಹಿಂದಿನ ಹಬ್ 135 ಮಿ.ಮೀ., ಅಂದರೆ ಬೂಸ್ಟ್ ಅನ್ನುವ ಹೆಚ್ಚು ಅಗಲದ ಹೊಸ ಅಳತೆಯದಲ್ಲ. ಬೂಸ್ಟ್ ಸೈಕಲಿಗೆಂದು ಮಾಡಿದ ಕ್ರ್ಯಾಂಕಿನಲ್ಲಿ ರಿಂಗ್ ಸುಮಾರು 3 ಮಿ.ಮೀ. ಹೊರಗೆ ಕೂರುತ್ತದೆ. ಮೂರು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ನಾನು ದಿನವಿಡೀ ಇರುವುದೇ 46 ಹಲ್ಲಿನ ದೊಡ್ಡ ಚಕ್ರದಲ್ಲಿ, ಅದು ಇರುವುದು ಹಿಂದಿನ ಚಕ್ರದ ಕಡ್ಡಿಗಳ ಪಕ್ಕದಲ್ಲಿ, ಎಲ್ಲಕ್ಕಿಂತ ಒಳಗೆ. ರಿಂಗ್ ಹೊರಗೆ ಸರಿದಷ್ಟೂ ಚೈನ್ ಸೊಟ್ಟಗಾಗಿ ಕರಕರ ಅನ್ನುತ್ತದೆ, ಪೆಡಲ್ ಹಿಂದಕ್ಕೆ ತಿರುಗಿಸಿದರೆ ಪಕ್ಕದ ಸಣ್ಣ ಚಕ್ರಕ್ಕೆ ಚೈನ್ ಬೀಳುತ್ತದೆ. ಅದಕ್ಕೇ ಬೂಸ್ಟ್ ಅಲ್ಲದ್ದನ್ನೇ ಕೇಳಿ ತೆಗೆದುಕೊಂಡೆ.

ತೋಳಿನ ಉದ್ದ 170 ಮಿ.ಮೀ. ಹಳೆಯದು 175 ಇತ್ತು. ಐದು ಮಿಲಿಮೀಟರ್ ಗಿಡ್ಡವಾದರೆ ಬೇರು, ಕಲ್ಲಿಗೆ ಪೆಡಲ್ ಬಡಿಯುವುದು ಅಷ್ಟರಮಟ್ಟಿಗೆ ಕಡಿಮೆ, ಮಂಡಿಯೂ ಅಷ್ಟು ಮೇಲಕ್ಕೆ ಮಡಚಬೇಕಿಲ್ಲ. ಆದರೆ ಸನ್ನೆಕೋಲು ಗಿಡ್ಡವಾದಷ್ಟು ಬಲ ಹೆಚ್ಚು ಹಾಕಬೇಕು, ಸುಮಾರು ನೂರಕ್ಕೆ ಮೂರರಷ್ಟು. 32 ಹಲ್ಲಿನ ರಿಂಗಿನಲ್ಲಿ ಅದು ಸರಿಸುಮಾರು ಒಂದು ಹಲ್ಲಿಗೆ ಸಮ. ಅಂದರೆ 32ರಿಂದ 30ಕ್ಕೆ ಇಳಿದು ಗಳಿಸಿದ್ದರಲ್ಲಿ ಅರ್ಧ ಇಲ್ಲೇ ಖರ್ಚು. ಗೊತ್ತಿದ್ದೇ ಒಪ್ಪಿಕೊಂಡೆ, ನನ್ನ ಎತ್ತರಕ್ಕೆ 170 ಚೆನ್ನಾಗಿ ಹೊಂದುತ್ತದೆ.

ಜೋಡಿಸಿದ್ದು ಊರಿನ ಸೈಕಲ್ ಶಾಪಿನ ಅಣ್ಣನ ಬೆಂಚಿನ ಮೇಲೆ. ಕಾಟರ್ ಪಿನ್ನಿನ ಹಳೆಯ ಅಟ್ಲಾಸ್ ಸೈಕಲ್‌ಗಳನ್ನು ಸುತ್ತಿಗೆಯಲ್ಲಿ ರಿಪೇರಿ ಮಾಡುತ್ತಾ ಬೆಳೆದವರು. ಡಬ್ಬಿ ತೆರೆದು ನೋಡಿ, “ಏನ್ ಸಾರ್, ದುಡ್ಡು ಪೂರ್ತಿ ಕೊಟ್ಟು ಮೂರರಲ್ಲಿ ಒಂದೇ ವೀಲ್ ತಂದಿದೀರಲ್ಲ!” ಅಂದರು. “ಉಳಿದೆರಡೂ ಕೆಲಸ ಮಾಡ್ತಿರ್ಲಿಲ್ಲ ಬಿಡಣ್ಣ” ಅಂದೆ. ಹಳೆಯ ಚೌಕದ ಅಚ್ಚಿನ ಕ್ರ್ಯಾಂಕನ್ನು ಪುಲ್ಲರ್ ಹಾಕಿ ಕಳಚಿದ್ದು ಅವರೇ. ಬಲಗಡೆಯ ಬೇರಿಂಗ್ ಕಪ್‌ಗೆ ಉಲ್ಟಾ ಮರೆ, ಅದು ಅವರಿಗೆ ಹೇಳಬೇಕಾಗಿರಲಿಲ್ಲ. 73ರ ಕೊಳವೆಯಾದ್ದರಿಂದ 2.5 ಮಿ.ಮೀ. ಸ್ಪೇಸರ್ ಒಂದೇ, ಅದೂ ಬಲಗಡೆಗೆ. 68 ಆಗಿದ್ದರೆ ಬಲಕ್ಕೆ ಎರಡು, ಎಡಕ್ಕೆ ಒಂದು. ಮರೆಗೆ ಧಾರಾಳ ಗ್ರೀಸ್. ಎಡತೋಳು ಕೂರಿಸಿ, ಪ್ಲಾಸ್ಟಿಕ್ ಕ್ಯಾಪನ್ನು ಬರೀ ಬೆರಳ ಬಲದಲ್ಲಿ, ಆಟ ಹೋಗುವಷ್ಟು ಮಾತ್ರ ತಿರುಗಿಸಿದೆ. ಇದನ್ನು ಬಿಗಿ ಮಾಡಿದರೆ ಬೇರಿಂಗ್ ಬೇಗ ಸಾಯುತ್ತದೆ. ಆಮೇಲೆ ಪಕ್ಕದ ಎರಡು ಬೋಲ್ಟನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ, 12ರಿಂದ 14 ನ್ಯೂಟನ್ ಮೀಟರ್‌ವರೆಗೆ. ಅದಕ್ಕೆ ಟಾರ್ಕ್ ವ್ರೆಂಚ್ ಮನೆಯಿಂದಲೇ ಒಯ್ದಿದ್ದೆ. ಅಣ್ಣ ಅದರ ಟಕ್ ಶಬ್ದಕ್ಕೆ ನಕ್ಕರು.

ಬಯಲುಸೀಮೆಯ ಕಡೆ ತುಳಿಯುವವರಿಗೆ ಈ 30 ಬೇಸರ ತರಿಸುತ್ತದೆ, ನೆಟ್ಟನೆಯ ರಸ್ತೆಯಲ್ಲಿ ಕಾಲು ಸುಮ್ಮನೆ ಗಿರಗಿರ ತಿರುಗುತ್ತಿರುತ್ತದೆ. ಅವರು 34 ನೋಡಬಹುದು, ಆದರೆ ರಿಂಗ್ ದೊಡ್ಡದಾದಷ್ಟೂ ಚೈನ್‌ಸ್ಟೇಗೆ ಹತ್ತಿರವಾಗುತ್ತದೆ. ನನ್ನ ಫ್ರೇಮಿನಲ್ಲಿ 34 ಹಾಕಿದರೆ ನಡುವೆ ಒಂದು ನಾಣ್ಯ ತೂರುವಷ್ಟು ಜಾಗವೂ ಉಳಿಯದು.