ಸಣ್ಣ ಪತ್ರಿಕೆಯ ಮೇಜಿಗೆ ಎಐ ಬಂದಾಗ: ನಿಯಮ ಬರೆದುಕೊಳ್ಳುವ ಬಗೆ

ಕಳೆದ ವರ್ಷ ನಮ್ಮ ಮಾಸಪತ್ರಿಕೆಗೆ ಬಂದ ಲೇಖನವೊಂದರಲ್ಲಿ ಅಕ್ಕಮಹಾದೇವಿಯದೆಂದು ಕೊಟ್ಟಿದ್ದ ಆರು ಸಾಲಿನ ವಚನವೊಂದಿತ್ತು. ಕೊನೆಯಲ್ಲಿ ‘ಚೆನ್ನಮಲ್ಲಿಕಾರ್ಜುನಾ’ ಎಂಬ ಅಂಕಿತವೂ ಸರಿಯಾಗಿಯೇ ಕೂತಿತ್ತು. ಕರಡು ತಿದ್ದುತ್ತಿದ್ದ ನಮ್ಮ ಹಿರಿಯರು ಮೂರನೆಯ ಸಾಲಿನ ‘ಮನದ ಒತ್ತಡ’ ಎಂಬಲ್ಲಿ ಪೆನ್ಸಿಲ್ ನಿಲ್ಲಿಸಿ, 12ನೆಯ ಶತಮಾನದ ವಚನದಲ್ಲಿ ಈ ಮಾತು ಈ ಅರ್ಥದಲ್ಲಿ ಬರುವುದುಂಟೇ ಎಂದು ಕೇಳಿದರು. ಸಮಗ್ರ ವಚನ ಸಂಪುಟದಲ್ಲಿ ಹುಡುಕಿದರೆ ಅಂಥ ವಚನವೇ ಇರಲಿಲ್ಲ. ಲೇಖಕರಿಗೆ ಫೋನ್ ಮಾಡಿದಾಗ, ಅದನ್ನು ಚಾಟ್‌ಬಾಟ್ ಒಂದರಿಂದ ಪಡೆದದ್ದಾಗಿ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮೋಸ ಮಾಡುವ ಉದ್ದೇಶ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಯಂತ್ರ ಹೇಳಿದ್ದನ್ನು ನಂಬಿದ್ದರು, ಅಷ್ಟೆ. ಸಂಚಿಕೆ ಅಚ್ಚಿಗೆ ಹೋಗಲು ಆಗ ಎರಡೇ ದಿನ ಉಳಿದಿತ್ತು.

ಆ ವಾರವೇ ನಾವು ನಾಲ್ವರು ಕುಳಿತು ಎಐ ಬಳಕೆಗೆ ನಮ್ಮದೇ ನಿಯಮಗಳನ್ನು ಬರೆದುಕೊಳ್ಳಲು ಆರಂಭಿಸಿದೆವು. ಸಣ್ಣ ಪತ್ರಿಕೆ, ಸಣ್ಣ ಪ್ರಕಾಶನ, ಕನ್ನಡ ಸಂಘದ ಸ್ಮರಣ ಸಂಚಿಕೆ ಅಥವಾ ಕಾಲೇಜಿನ ವಾರ್ಷಿಕ ಸಂಚಿಕೆ ನಡೆಸುವವರು ಇದೇ ಕೆಲಸಕ್ಕೆ ಕೈಹಾಕುವುದಾದರೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವಬಹುದು ಎಂಬುದನ್ನು ನಮ್ಮ ಅನುಭವದ ಆಧಾರದಲ್ಲಿ ಇಲ್ಲಿ ವಿವರಿಸುತ್ತೇನೆ.

ಮೊದಲು ಮಾಡಬೇಕಾದದ್ದು, ಈಗಾಗಲೇ ಯಾರು ಯಾವುದಕ್ಕೆ ಎಐ ಬಳಸುತ್ತಿದ್ದಾರೆ ಎಂದು ತಿಳಿದುಕೊಳ್ಳುವುದು. ಯಾರನ್ನೂ ದೂರದೆ, ಲೆಕ್ಕ ಒಪ್ಪಿಸಿ ಎಂಬ ಧ್ವನಿಯಿಲ್ಲದೆ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ. ನಮ್ಮಲ್ಲಿ ಡಿಟಿಪಿ ಮಾಡುವವರು ಶೀರ್ಷಿಕೆ ಹೊಳೆಯದಾಗ ಚಾಟ್‌ಜಿಪಿಟಿಯನ್ನು ಕೇಳುತ್ತಿದ್ದರು. ಅನುವಾದಕರೊಬ್ಬರು ಮೊದಲ ಕರಡನ್ನು ಅದರಿಂದಲೇ ಮಾಡಿಸುತ್ತಿದ್ದರು. ನಾನೇ ಪ್ರಾಯೋಜಕರಿಗೆ ಕಳುಹಿಸುವ ಇಂಗ್ಲಿಷ್ ಪತ್ರಗಳನ್ನು ತಿದ್ದಿಸುತ್ತಿದ್ದೆ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಅದು ಬಂದು ಇಷ್ಟು ಕಾಲವಾದರೂ ನಮ್ಮ ಕಚೇರಿಯಲ್ಲಿ ಈ ಬಗ್ಗೆ ಒಂದು ಮಾತೂ ನಡೆದಿರಲಿಲ್ಲವೆಂಬುದು ಅಂದು ನನಗೆ ನಿಜಕ್ಕೂ ನೋವು ತಂದಿತು.

ಯಂತ್ರದ ಹಿಂದಿರುವವರನ್ನು ಅರಿಯುವುದು

ಪಟ್ಟಿ ಕೈಗೆ ಬಂದ ಮೇಲೆ ತಕ್ಷಣ ‘ಇದು ಬೇಕು, ಇದು ಬೇಡ’ ಎಂದು ಗುರುತು ಹಾಕಲು ಹೋಗಬೇಡಿ. ಈ ಯಂತ್ರ ಯಾರ ದುಡಿಮೆಯಿಂದ ನಿಂತಿದೆ ಎಂಬುದನ್ನು ಎಲ್ಲರೂ ಒಟ್ಟಿಗೆ ಒಂದು ಸಂಜೆಯಾದರೂ ಚರ್ಚಿಸಬೇಕು. 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ಹೊರಗೆಡವಿದ ಸಂಗತಿಯನ್ನು ನಾವು ಓದಿಕೊಂಡೆವು. ಚಾಟ್‌ಜಿಪಿಟಿ ಹೊಲಸು ಮಾತಾಡದಂತೆ ಕಲಿಸುವುದಕ್ಕಾಗಿ, ಕೀನ್ಯಾದ ಕೆಲಸಗಾರರು ಹಿಂಸೆ ಮತ್ತು ಲೈಂಗಿಕ ದೌರ್ಜನ್ಯದ ವಿವರಗಳನ್ನು ದಿನವಿಡೀ ಓದಿ ವರ್ಗೀಕರಿಸಬೇಕಾಗಿತ್ತು. ಅವರ ಕೈಗೆ ಸಿಗುತ್ತಿದ್ದ ಕೂಲಿ ಗಂಟೆಗೆ 1.32ರಿಂದ 2 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 110ರಿಂದ 165 ರೂಪಾಯಿ. ಇದನ್ನು ಬೇರೆ ರೀತಿಯಲ್ಲಿ ನಡೆಸಲು ಸಾಧ್ಯವಿಲ್ಲವೆಂದೇನಿಲ್ಲ. ಎಐ ತರಬೇತಿಗೆ ದತ್ತಾಂಶ ಒದಗಿಸುವ ಬೆಂಗಳೂರಿನ ಕಾರ್ಯಾ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡ ಓದಿಸಿ ಧ್ವನಿ ದಾಖಲಿಸಿಕೊಂಡಾಗ ಗಂಟೆಗೆ ಕನಿಷ್ಠ 5 ಡಾಲರಿನಷ್ಟು ಕೊಡುವ ಪದ್ಧತಿ ಇಟ್ಟುಕೊಂಡಿತು. ಆ ದತ್ತಾಂಶ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಸಲ್ಲುತ್ತದೆ. ಎಂದರೆ ಕಡಿಮೆ ಕೂಲಿ ಈ ತಂತ್ರಜ್ಞಾನದ ಹಣೆಬರಹವಲ್ಲ, ಅದು ಯಾರೋ ಮಾಡಿಕೊಂಡ ಆಯ್ಕೆ.

ಇನ್ನು ಪುಸ್ತಕಗಳ ವಿಚಾರ. ಲೇಖಕರನ್ನು ನಂಬಿ, ಲೇಖಕರಿಂದಲೇ ಬದುಕುವ ನಮಗೆ ಇದು ಎಲ್ಲಕ್ಕಿಂತ ಹತ್ತಿರದ್ದು. ತನ್ನ ಯಂತ್ರಕ್ಕೆ ಕಲಿಸಲು ಪುಸ್ತಕಗಳ ಪೈರೇಟೆಡ್ ಪ್ರತಿಗಳನ್ನು ಇಳಿಸಿಕೊಂಡ ಆರೋಪದ ಮೊಕದ್ದಮೆಯಲ್ಲಿ, ಎಐ ತಯಾರಿಸುವ ಅಮೆರಿಕದ ಆಂಥ್ರೊಪಿಕ್ ಕಂಪನಿ 2025ರ ಸೆಪ್ಟೆಂಬರಿನಲ್ಲಿ ಲೇಖಕರಿಗೆ 150 ಕೋಟಿ ಡಾಲರ್ ಕೊಡಲು ಒಪ್ಪಿತು. ಸುಮಾರು 5 ಲಕ್ಷ ಪುಸ್ತಕಗಳು, ಪುಸ್ತಕಕ್ಕೆ ಅಂದಾಜು 3,000 ಡಾಲರ್. ಆದರೆ ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ನೋಂದಣಿಯಾದ ಪುಸ್ತಕಗಳಷ್ಟೇ ಅದರ ವ್ಯಾಪ್ತಿಗೆ ಬಂದವು. ಕನ್ನಡದಲ್ಲಿ ಬರೆದು, ಕನ್ನಡದಲ್ಲಿ ಅಚ್ಚು ಹಾಕಿಸಿ, ಐನೂರು ಪ್ರತಿ ಮಾರಲು ವರ್ಷಗಟ್ಟಲೆ ಕಾಯುವ ನಮ್ಮ ಲೇಖಕರಲ್ಲಿ ಆ ನೋಂದಣಿ ಮಾಡಿಸಿದವರು ಎಷ್ಟು ಜನರಿದ್ದಾರು? ನಮ್ಮ ದೇಶದಲ್ಲಿ ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು, ಆಮೇಲೆ ಪ್ರಕಾಶಕರ ಒಕ್ಕೂಟವೂ ಜೊತೆಗೂಡಿತು. ನ್ಯಾಯಾಲಯಗಳು ಏನೇ ಹೇಳಲಿ, ಲೇಖಕರ ಒಪ್ಪಿಗೆ ಕೇಳುವ ಮರ್ಯಾದೆಯನ್ನು ನಾವು ಈಗಲೇ ಪಾಲಿಸಬಹುದು.

ಎಐ ನಡೆಸುವ ಕಂಪ್ಯೂಟರುಗಳನ್ನು ತಂಪಾಗಿಡಲು ಮತ್ತು ಓಡಿಸಲು ತಗಲುವ ನೀರು, ವಿದ್ಯುತ್ತಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಳೆಯ ಮಾದರಿಯೊಂದು (ಚಾಟ್‌ಬಾಟಿನ ಹಿಂದಿರುವ ಎಐ ತಂತ್ರಾಂಶ) 10ರಿಂದ 50 ಉತ್ತರಗಳಿಗೆ ಅರ್ಧ ಲೀಟರ್ ನೀರು ಬಳಸುತ್ತದೆಂದು 2023ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಅಂದಾಜಿಸಿದರೆ, ತನ್ನ ಚಾಟ್‌ಬಾಟ್ ಜೆಮಿನಿಯ ಒಂದು ಸಾಧಾರಣ ಉತ್ತರಕ್ಕೆ ಸಾಕಾಗುವುದು 0.26 ಮಿಲಿಲೀಟರ್ ಎಂದು 2025ರಲ್ಲಿ ಗೂಗಲ್ ಹೇಳಿತು; ವಿದ್ಯುತ್ ಉತ್ಪಾದನೆಗೆ ತಗಲುವ ನೀರು ಗೂಗಲ್ಲಿನ ಲೆಕ್ಕದಲ್ಲಿ ಸೇರಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿಸಿಕೊಂಡು ಕುಡಿಯುವ, 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದು ನಿಂತ ಬೆಂಗಳೂರಿನವರಿಗೆ, ಬೇಡದ್ದಕ್ಕೆ ಬಳಸುವುದು ಬೇಡ ಎಂದು ಬೇರೆ ವಿವರಿಸಬೇಕಿಲ್ಲ. ಒಂದೇ ಚಿತ್ರವನ್ನು ಇಪ್ಪತ್ತು ಬಗೆಯಲ್ಲಿ ತೆಗೆಸಿ ನೋಡುವ ಚಟವನ್ನು ನಮ್ಮಲ್ಲಿ ನಿಲ್ಲಿಸಿದ್ದೇವೆ.

ಲೇಖಕರ ಬರಹವನ್ನು ಕಾಯುವುದು

ನಮ್ಮ ನಿಯಮಗಳಲ್ಲಿ ಅತಿ ಕಟ್ಟುನಿಟ್ಟಾದದ್ದು ಇದು: ಅಚ್ಚಾಗದ ಹಸ್ತಪ್ರತಿಯನ್ನು ಲೇಖಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಚಾಟ್‌ಬಾಟಿಗೂ ಹಾಕುವಂತಿಲ್ಲ, ಕಾಗುಣಿತ ತಿದ್ದಿಸುವುದಕ್ಕೂ ಇಲ್ಲ. ಉಚಿತವಾಗಿ ಸಿಗುವ ಎಷ್ಟೋ ಸೇವೆಗಳಲ್ಲಿ, ನಾವು ಬೇಡವೆಂದು ಹೇಳದ ಹೊರತು, ಹಾಕಿದ ಬರಹ ಮುಂದಿನ ಮಾದರಿಯ ತರಬೇತಿಗೆ ಬಳಕೆಯಾಗಬಹುದು. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ಕಂಟ್ರೋಲ್ಸ್’ ಅಥವಾ ಅಂಥದೇ ಹೆಸರಿನ ಭಾಗಕ್ಕೆ ಹೋಗಿ, ಮಾದರಿಯ ಸುಧಾರಣೆಗೆ ನಿಮ್ಮ ಮಾತುಕತೆ ಬಳಸಲು ಅನುಮತಿಸುವ ಗುಂಡಿಯನ್ನು ಮೊದಲು ಆಫ್ ಮಾಡಿ. ಕಚೇರಿಯ ಎಲ್ಲ ಕಂಪ್ಯೂಟರುಗಳಲ್ಲಿಯೂ, ನಿಮ್ಮ ಫೋನಿನಲ್ಲಿಯೂ ಆಫ್ ಮಾಡಿ. ಓದುಗರ ವಿಳಾಸ, ಚಂದಾದಾರರ ಪಟ್ಟಿ ಮತ್ತು ಸಂಭಾವನೆಗಾಗಿ ಲೇಖಕರು ಕಳುಹಿಸಿದ ಬ್ಯಾಂಕ್ ವಿವರಗಳನ್ನಂತೂ ಇದರ ಹತ್ತಿರ ಸುಳಿಯಲು ಬಿಡಬಾರದು.

ಬಂದ ಬರಹ ಯಂತ್ರದ್ದೇ ಎಂಬ ಅನುಮಾನ ಬಂದಾಗ ‘ಎಐ ಪತ್ತೆ’ ಮಾಡುವ ಸಾಫ್ಟ್‌ವೇರ್‌ಗೆ ಮೊರೆಹೋಗಬೇಡಿ. ಓಪನ್‌ಎಐ ತಾನೇ ತಯಾರಿಸಿದ ಅಂಥ ಸಾಧನವನ್ನು, ನಿಖರತೆ ಸಾಲದೆಂಬ ಕಾರಣಕ್ಕೆ, 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಇಂಗ್ಲಿಷಿನಲ್ಲೇ ಹೀಗಿರುವಾಗ ಕನ್ನಡದ ಬರಹಗಾರರೊಬ್ಬರನ್ನು ಅಂಥ ಯಂತ್ರದ ಶೇಕಡಾವಾರು ಅಂಕಿಯ ಮೇಲೆ ಸುಳ್ಳರೆಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ. ಅದರ ಬದಲು ಫೋನ್ ಮಾಡಿ, ಬರೆದ ಬಗೆಯನ್ನು ಕೇಳಿ. ಹಳೆಯ ಕರಡಿದ್ದರೆ ತರಿಸಿಕೊಳ್ಳಿ. ಹತ್ತು ನಿಮಿಷದ ಮಾತಿನಲ್ಲಿ ತಿಳಿಯುವಷ್ಟು ಯಾವ ಸಾಫ್ಟ್‌ವೇರಿನಿಂದಲೂ ತಿಳಿಯದು.

ಪರಿಶೀಲಿಸುವ ಕ್ರಮ

ಯಂತ್ರ ಕೊಟ್ಟ ಪ್ರತಿ ಹೆಸರು, ಇಸವಿ, ಉಲ್ಲೇಖ ಮತ್ತು ಪದ್ಯವನ್ನು ಅದರ ಹೊರಗಿನ ಮೂಲವೊಂದರಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಪುಟಕ್ಕೆ ಬಿಡಬೇಕು. ನೋಡಿದವರು ಕರಡಿನ ಅಂಚಿನಲ್ಲಿ ಮೂಲದ ಪುಟಸಂಖ್ಯೆ ಬರೆದು ಸಹಿ ಹಾಕಬೇಕು. ‘ಇದು ನಿಜವೇ’ ಎಂದು ಅದೇ ಯಂತ್ರವನ್ನು ಮತ್ತೆ ಕೇಳುವುದು ಪರಿಶೀಲನೆಯಲ್ಲ. ನ್ಯೂಯಾರ್ಕಿನ ವಕೀಲರೊಬ್ಬರು ಮಾಡಿದ ತಪ್ಪು ಇದೇ. ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ್ದಕ್ಕೆ 2023ರಲ್ಲಿ ಅವರಿಗೂ ಅವರ ಸಹೋದ್ಯೋಗಿ ವಕೀಲರಿಗೂ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ವಚನಗಳಿಗಾದರೆ ಮುದ್ರಿತ ಸಂಪುಟಗಳಿವೆ, ಪದ ಕೊಟ್ಟು ಹುಡುಕಬಲ್ಲ ‘ವಚನ ಸಂಚಯ’ ಜಾಲತಾಣವೂ ಇದೆ. ಗಾದೆ ಮತ್ತು ಜನಪದ ಗೀತೆಗಳಿಗೆ ಅಷ್ಟು ಅನುಕೂಲವಿಲ್ಲ. ಹಾಡುವವರನ್ನು, ಸಂಗ್ರಹಿಸಿದವರನ್ನು ಕೇಳಬೇಕು, ಇಲ್ಲವೇ ಕೈಬಿಡಬೇಕು. ಒಂದು ಸುಳ್ಳು ವಚನ ಒಮ್ಮೆ ಅಚ್ಚಾದರೆ ನಾಳೆ ಯಾರೋ ನಮ್ಮ ಪತ್ರಿಕೆಯನ್ನೇ ಆಧಾರವೆಂದು ತೋರಿಸುತ್ತಾರೆ, ಮುಂದಿನ ಯಂತ್ರವೂ ಅದನ್ನೇ ಓದಿ ಕಲಿಯುತ್ತದೆ. ಇದನ್ನು ನೆನೆದಾಗ ನನಗೆ ಈಗಲೂ ಭಯವಾಗುತ್ತದೆ.

ಅನುವಾದದಲ್ಲಿ ಇನ್ನಷ್ಟು ಎಚ್ಚರ ಬೇಕು. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ನಮನ ಸಲ್ಲಿಸಿದ ಕನ್ನಡ ಒಕ್ಕಣೆಯನ್ನು, ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ ಇಂಗ್ಲಿಷಿಗೆ ತಂದಾಗ, ಮುಖ್ಯಮಂತ್ರಿಯವರೇ ತೀರಿಕೊಂಡರೆಂಬ ಅರ್ಥ ಬಂತು. ಸರ್ಕಾರ ಆಕ್ಷೇಪಿಸಿ ಪತ್ರ ಬರೆಯಿತು, ಮೆಟಾ ಕ್ಷಮೆ ಕೇಳಿತು. ಕನ್ನಡದಲ್ಲಿ ‘ನಿನ್ನೆ ನಿಧನರಾದ’ ಎಂಬ ಕೃದಂತ ಮುಂದೆ ಬರುವ ಹೆಸರಿಗೆ ಅಂಟುತ್ತದೆ, ಆದರೆ ಯಂತ್ರ ಅದನ್ನು ಹಿಂದಿನ ಹೆಸರಿಗೆ ಅಂಟಿಸಿತು. ಈ ಕಾರಣಕ್ಕೆ ನಮ್ಮಲ್ಲಿ ಸಾವು, ಆರೋಗ್ಯ, ಅಪರಾಧ ಮತ್ತು ಹಣಕ್ಕೆ ಸಂಬಂಧಿಸಿದ ಬರಹಗಳ ಅನುವಾದಕ್ಕೆ ಯಂತ್ರವನ್ನು ಮೊದಲ ಕರಡಿಗೂ ಬಳಸುವುದಿಲ್ಲ. ಉಳಿದವುಗಳಲ್ಲಿ ಅನುವಾದಕರು ಮೂಲವನ್ನು ಎದುರಿಗಿಟ್ಟುಕೊಂಡು ಸಾಲುಸಾಲಾಗಿ ಓದುತ್ತಾರೆ.

ಭಾಷೆ ಮತ್ತೊಂದು ರೀತಿಯಲ್ಲಿಯೂ ಸೋರಿಹೋಗುತ್ತದೆ. ಧಾರವಾಡ ಸೀಮೆಯ ಕಥೆಯೊಂದರಲ್ಲಿ ತಾಯಿ ಮಗನಿಗೆ ‘ಏನ್ ಮಾಡಾಕತ್ತೀಯೋ ತಮ್ಮಾ, ಒಳಗ ಬಾ’ ಎನ್ನುತ್ತಾಳೆ. ಲೇಖಕರ ಒಪ್ಪಿಗೆ ಪಡೆದು, ಆ ಪುಟದ ಕಾಗುಣಿತ ಮಾತ್ರ ನೋಡು ಎಂದು ಯಂತ್ರಕ್ಕೆ ಕೊಟ್ಟಾಗ ಅದು ‘ನೀನು ಏನು ಮಾಡುತ್ತಿದ್ದೀಯಾ ಸಹೋದರ, ಒಳಗೆ ಬಾ’ ಎಂದು ತಿದ್ದಿಕೊಟ್ಟಿತು. ಊರು ಹೋಯಿತು, ತಾಯಿಯ ಅಕ್ಕರೆಯೂ ಹೋಯಿತು. ಅಂತರಜಾಲದಲ್ಲಿರುವ ಬರಹದಲ್ಲಿ ಕನ್ನಡದ ಪಾಲು ಶೇಕಡಾ ಒಂದಕ್ಕಿಂತಲೂ ಬಹಳ ಕಡಿಮೆ. ಅದರಲ್ಲಿ ಕುಂದಾಪುರದ, ಕಲಬುರಗಿಯ, ಚಾಮರಾಜನಗರದ ನುಡಿಗಳ ಪಾಲು ಇನ್ನೆಷ್ಟಿರಬಹುದು. ಆದ್ದರಿಂದ ಪ್ರಾದೇಶಿಕ ನುಡಿಯ ಬರಹವನ್ನು ಆ ಸೀಮೆಯವರೇ ತಿದ್ದಬೇಕು ಎಂಬುದನ್ನು ನಿಯಮದಲ್ಲಿ ಬರೆದಿಡಿ.

ಮುಖ, ದನಿ, ಚಿತ್ರ

ಬದುಕಿರುವವರದ್ದಾಗಲಿ, ತೀರಿಹೋದವರದ್ದಾಗಲಿ, ಮುಖ ಮತ್ತು ದನಿಯನ್ನು ಯಂತ್ರದಿಂದ ಸೃಷ್ಟಿಸಿ ಪ್ರಕಟಿಸಬಾರದು. 2023ರ ನವೆಂಬರಿನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಹೆಣ್ಣುಮಗಳ ವಿಡಿಯೊಗೆ ಅಂಟಿಸಿದ ಡೀಪ್‌ಫೇಕ್ ಅವರಿಗೆ ತಂದ ಸಂಕಟವನ್ನು ದೇಶವೇ ನೋಡಿದೆ. ಕನ್ನಡದ ಮನೆಮನೆಯಲ್ಲಿ ಕೇಳಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಒಪ್ಪಿಗೆಯಿಲ್ಲದೆ ಎಐ ಮೂಲಕ ಮರುಸೃಷ್ಟಿಸಿದ ತೆಲುಗು ಚಿತ್ರತಂಡಕ್ಕೆ ಅವರ ಕುಟುಂಬ ನೋಟಿಸ್ ಕೊಡಬೇಕಾಯಿತು. ಸ್ಮರಣ ಸಂಚಿಕೆ ತರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಗಲಿದ ಹಿರಿಯರ ಮಸುಕಾದ ಫೋಟೊವನ್ನು ‘ಚೆಂದ’ ಮಾಡಿಸಲು ಹೊರಟರೆ ಯಂತ್ರ ಅವರಿಗಿಲ್ಲದ ಕಣ್ಣು, ಇಲ್ಲದ ನಗು ಕೊಡುತ್ತದೆ. ಮಸುಕಾಗಿದ್ದರೂ ಇರುವ ಫೋಟೊವನ್ನೇ ಹಾಕಿ.

ಮುಖಪುಟದ ಚಿತ್ರವನ್ನು ಕಲಾವಿದರಿಂದಲೇ ಬರೆಸುವುದನ್ನು ನಾವು ಮುಂದುವರಿಸಿದ್ದೇವೆ. ಗೌರವಧನ ಕೊಡುವಷ್ಟು ಹಣವಿಲ್ಲದ ತಿಂಗಳಲ್ಲಿ ಅಕ್ಷರಗಳಷ್ಟೇ ಇರುವ ಮುಖಪುಟ ತಂದೆವು, ಓದುಗರು ಬೇಸರಿಸಲಿಲ್ಲ.

ಓದುಗರಿಗೆ ತಿಳಿಸುವುದು

ಯಂತ್ರದ ನೆರವು ಪಡೆದ ಕಡೆ ಅದನ್ನು ಬರಹದ ಕೆಳಗೇ, ಓದಲು ಬರುವ ಗಾತ್ರದ ಅಕ್ಷರದಲ್ಲಿ ಹೇಳಬೇಕು. ‘ಎಐ ನೆರವಿನಿಂದ’ ಎಂಬ ಎರಡು ಪದ ಸಾಲದು, ಏನನ್ನು ಯಂತ್ರ ಮಾಡಿತು, ಏನನ್ನು ಮನುಷ್ಯರು ಮಾಡಿದರು ಎಂಬುದು ತಿಳಿಯಬೇಕು. ನಾವು ಬಳಸುವ ಒಕ್ಕಣೆ ಹೀಗಿದೆ: ‘ಈ ಲೇಖನದ ಅನುವಾದದ ಮೊದಲ ಕರಡಿಗೆ ಯಂತ್ರದ ನೆರವು ಪಡೆಯಲಾಗಿದೆ. ಮೂಲದೊಂದಿಗೆ ಹೋಲಿಸಿ ತಿದ್ದಿದವರು ಇಂಥವರು. ಉಳಿದ ತಪ್ಪುಗಳಿಗೆ ಸಂಪಾದಕರು ಹೊಣೆ.’ ತಿದ್ದಿದವರ ಹೆಸರನ್ನು ಹಾಕಲೇಬೇಕು, ಮತ್ತು ಅವರ ಸಂಭಾವನೆಯನ್ನು ‘ಅರ್ಧ ಕೆಲಸ ಯಂತ್ರವೇ ಮಾಡಿತಲ್ಲ’ ಎಂದು ಕತ್ತರಿಸಬಾರದು. ಯಂತ್ರದ ಕರಡನ್ನು ಮೂಲದೊಂದಿಗೆ ಹೋಲಿಸಿ ತಿದ್ದುವುದು ಹಲವು ಸಲ ಹೊಸದಾಗಿ ಅನುವಾದಿಸುವುದಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ.

ನಿಯಮಗಳು ಎರಡು ಪುಟ ಮೀರದಿರಲಿ. ಆರು ತಿಂಗಳಿಗೊಮ್ಮೆ ಅವುಗಳನ್ನು ಮತ್ತೆ ಓದುವ ದಿನವನ್ನು ಈಗಲೇ ಗೊತ್ತುಮಾಡಿ, ಆ ಸಭೆಗೆ ಕರಡು ತಿದ್ದುವವರನ್ನೂ, ಡಿಟಿಪಿಯವರನ್ನೂ, ಚಿತ್ರ ಬರೆಯುವವರನ್ನೂ ಕರೆಯಿರಿ. ನಮ್ಮಲ್ಲಿ ಮೊದಲು ಮಾತಾಡುವ ಅವಕಾಶ ಆ ಪೆನ್ಸಿಲ್ ನಿಲ್ಲಿಸಿದ ಹಿರಿಯರದ್ದು.