ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಒಂದು ಸೆಸ್ನಾದ ಆಯಿಲ್ ಲೀಕ್

2020ರ ಲಾಕ್‌ಡೌನ್ ಮುಗಿದು ಹಾರಾಟ ಮತ್ತೆ ಶುರುವಾಗಿತ್ತು. ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದ್ದ ಒಂದು ಸೆಸ್ನಾ 172, ಅಂದರೆ ಒಂದೇ ಎಂಜಿನ್ನಿನ ಸಣ್ಣ ವಿಮಾನ, ಮೊದಲ ದಿನ ಹಾರಿ ಬಂದಾಗ ಮುಂದಿನ ಗಾಜಿನ ಮೇಲೆ ಎಣ್ಣೆಯ ಸಣ್ಣ ಸಣ್ಣ ಹನಿ. ಹಾರಿಸಿದ ಹುಡುಗನ ಮುಖ ಬಿಳುಚಿಕೊಂಡಿತ್ತು. "ಸಾರ್, ಎಂಜಿನ್ನೇ ಹೋಯ್ತಾ?" ಅಂದ. ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದರೆ ಅರ್ಧ ಕ್ವಾರ್ಟ್ (ಸುಮಾರು ಅರ್ಧ ಲೀಟರ್) ಕೂಡ ಕಮ್ಮಿಯಾಗಿರಲಿಲ್ಲ. ಎಣ್ಣೆಯ ಗುಣವೇ ಹಾಗೆ. ನಾಲ್ಕು ಚಮಚ ಸೋರಿದರೆ ಸಾಕು, ಗಾಳಿ ಅದನ್ನು ಮೈತುಂಬಾ ಬಳಿದು ಒಂದು ಲೀಟರ್ ಹೋದ ಹಾಗೆ ತೋರಿಸುತ್ತದೆ.

ಆ ವಿಮಾನದಲ್ಲಿದ್ದದ್ದು ಲೈಕಮಿಂಗ್ ಓ-320 ಎಂಜಿನ್. ನಾಲ್ಕು ಸಿಲಿಂಡರ್, 160 ಹಾರ್ಸ್‌ಪವರ್, ಕೆಳಗಿನ ಎಣ್ಣೆ ತೊಟ್ಟಿಯಲ್ಲಿ (ಸಂಪ್) 8 ಕ್ವಾರ್ಟ್ ಎಣ್ಣೆ. ಅಂದರೆ ಹತ್ತಿರ ಹತ್ತಿರ ಏಳೂವರೆ ಲೀಟರ್. ತಯಾರಕರ ಲೆಕ್ಕದ ಪ್ರಕಾರ ಇದು ಗಂಟೆಗೆ ಅರ್ಧ ಕ್ವಾರ್ಟ್ ಕುಡಿದರೂ ತಪ್ಪಿಲ್ಲ. ನಿಜ ಹೇಳಬೇಕಂದ್ರೆ, ಅಷ್ಟು ಕುಡಿಯುವ ಎಂಜಿನ್ ಇದ್ದರೆ ನನಗೆ ನಿದ್ದೆ ಬರಲ್ಲ.

ಎಂಜಿನ್ನಿನ ಹೊರಕವಚ, ಕೌಲಿಂಗ್, ಬಿಚ್ಚಿದೆವು. ಪ್ರೊಪೆಲ್ಲರಿನ ಹಿಂದೆ, ಸ್ಟಾರ್ಟರ್ ರಿಂಗ್ ಗೇರಿನ ಸುತ್ತ, ಎಣ್ಣೆ ವೃತ್ತಾಕಾರವಾಗಿ ಚಿಮ್ಮಿದ ಗುರುತು. ಪ್ರೊಪೆಲ್ಲರಿನ ಮುಂದಿನ ಚೂಪು ಟೊಪ್ಪಿ, ಸ್ಪಿನ್ನರಿನ ಒಳಗೆ ಮಾತ್ರ ಪೂರ್ತಿ ಒಣಗಿತ್ತು. ಅದಕ್ಕೇ ಇದು ಶಾಫ್ಟಿನ ತುದಿಯ ಪ್ಲಗ್ ಅಲ್ಲ, ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎಂಜಿನ್ನಿನಿಂದ ಹೊರಬರುವ ಕಡೆ ಎಣ್ಣೆ ತಡೆಯುವ ಬಳೆ, ನೋಸ್ ಸೀಲ್ ಅಂತ ತೀರ್ಮಾನಿಸಿದೆ. ಇಪ್ಪತ್ತು ವರ್ಷ ವಿಮಾನ ರಿಪೇರಿಯ ಇದೇ ಕೆಲಸ ಮಾಡಿದ್ದೇನಲ್ಲ, ಅನುಮಾನವೇ ಬರಲಿಲ್ಲ.

ಸೀಲ್ ಬದಲಿಸುವುದು ಕಷ್ಟದ ಕೆಲಸವಲ್ಲ, ಅಂಟಂಟು ಕೆಲಸ. ಮೊದಲು ಪ್ರತಿ ಸಿಲಿಂಡರಿನಿಂದ ಒಂದೊಂದು ಸ್ಪಾರ್ಕ್ ಪ್ಲಗ್ ತೆಗೆದಿಡುತ್ತೇನೆ. ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊದ ಸ್ವಿಚ್ ಆಫ್ ಇದ್ದರೂ ಒಳಗೆ ವೈರ್ ತುಂಡಾಗಿದ್ದರೆ, ಕೈಯಲ್ಲಿ ತಿರುಗಿಸಿದ ಪ್ರೊಪೆಲ್ಲರ್ ತಟ್ಟನೆ ಒದೆಯುತ್ತದೆ. ಸ್ಪಿನ್ನರ್, ಪ್ರೊಪೆಲ್ಲರ್, ರಿಂಗ್ ಗೇರ್ ಕಳಚಿ ಹಳೆ ಸೀಲ್ ಎಬ್ಬಿಸಿದೆ. ಶಾಫ್ಟಿಗೆ ಒಂದು ಗೀರೂ ಬೀಳಬಾರದು. ಆಮೇಲೆ ಸೀಲ್ ಕೂರುವ ಜಾಗವನ್ನು ಒರೆಸುವ ಕೆಲಸ. ಬಟ್ಟೆಯಲ್ಲಿ ಎಣ್ಣೆಯ ಒಂದು ಕಲೆಯೂ ಕಾಣದಷ್ಟು ಒರೆಸಬೇಕು. ಅಲ್ಲಿ ಜಿಡ್ಡು ಉಳಿದರೆ ಸೀಲನ್ನು ಕೂರಿಸುವ ಅಂಟು ಹಿಡಿಯಲ್ಲ. ಇದು ಶಾಫ್ಟಿನ ಸುತ್ತ ಹಾಕಲೆಂದೇ ಒಂದು ಕಡೆ ಸೀಳಿಟ್ಟ ಸೀಲ್. ಒಳಗಿನ ಸ್ಪ್ರಿಂಗಿನ ಕೊಂಡಿ ಬಿಡಿಸಿ, ಶಾಫ್ಟಿನ ಸುತ್ತ ಬಳಸಿ, ಮತ್ತೆ ಕೊಂಡಿ ಹಾಕಿ ಒಳಗೆ ಒತ್ತಬೇಕು. ಸೀಳು ಮಾತ್ರ ಶಾಫ್ಟನ್ನು ಸುತ್ತುವರಿದ ಎಂಜಿನ್ ಪೆಟ್ಟಿಗೆ, ಕ್ರ್ಯಾಂಕ್‌ಕೇಸಿನ ಎರಡು ಭಾಗ ಕೂಡುವ ಗೆರೆಯ ಮೇಲೆ ಬೀಳದ ಹಾಗೆ ನೋಡಿಕೊಂಡೆ. ರಾತ್ರಿಯಿಡೀ ಒಣಗಲು ಬಿಟ್ಟು, ಮರುದಿನ ಎಲ್ಲ ಜೋಡಿಸಿ, ನೆಲದ ಮೇಲೇ ಎಂಜಿನ್ ಓಡಿಸಿ ನೋಡಿದೆ. ಒಂದು ಹನಿಯೂ ಇಲ್ಲ. ಲಾಗ್‌ಬುಕ್ಕಿಗೆ ಸಹಿ ಹಾಕಿ ಕಾಫಿಗೆ ಹೋದೆ.

ನಾಲ್ಕು ಗಂಟೆ ಹಾರಾಟ ಆಗಿತ್ತು ಅಷ್ಟೇ. ಮತ್ತೆ ಅದೇ ಹನಿ, ಅದೇ ಗಾಜು.

ಈ ಸಲ ಸರಿಯಾಗಿ ಹೋಗೋಣ ಅಂತ ಮೊದಲಿಂದ ಶುರು ಮಾಡಿದೆ. ಮ್ಯಾಗ್ನೆಟೊ, ಆಲ್ಟರ್ನೇಟರ್, ವ್ಯಾಕ್ಯೂಮ್ ಪಂಪ್‌ಗೆ ಪ್ಲಾಸ್ಟಿಕ್ ಸುತ್ತಿ, ಇಡೀ ಎಂಜಿನ್ ಸಾಲ್ವೆಂಟಿನಲ್ಲಿ ತೊಳೆದು ಒಣಗಿಸಿದೆವು. ಮನೆಯಿಂದ ತಂದ ಟಾಲ್ಕಂ ಪೌಡರನ್ನು ಹಳೆ ಕಾಲುಚೀಲಕ್ಕೆ ತುಂಬಿ ಎಲ್ಲ ಕಡೆ ತಟ್ಟಿದೆ. ರಾಕರ್ ಕವರ್, ಪುಶ್‌ರಾಡ್ ಟ್ಯೂಬಿನ ಬುಡ, ಫಿಲ್ಟರ್, ಆಯಿಲ್ ಕೂಲರಿನ ಹೋಸ್, ಎಲ್ಲ ಕಡೆ. ಬಿಳಿ ಪೌಡರಿನಲ್ಲಿ ಎಣ್ಣೆ ಕಪ್ಪು ದಾರಿ ಬಿಡಿಸುತ್ತದೆ. ಈ ಎಂಜಿನ್‌ನಲ್ಲಿ ಗಾಳಿ ಮುಂದಿನಿಂದ ನುಗ್ಗಿ, ಮೇಲಿನಿಂದ ಕೆಳಗೆ, ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮುಂದಿನದು, ಎಲ್ಲಕ್ಕಿಂತ ಮೇಲಿನದು ಯಾವುದೋ ಅಲ್ಲಿಂದಲೇ ಸೋರಿದೆ ಅಂತ ಅರ್ಥ. ವಿಮಾನದ ಹೊಟ್ಟೆಯಡಿ ನೋಡಿ ಹೇಳುವವರನ್ನು ನಂಬಬೇಡಿ.

ನಿಧಾನಗತಿಯಲ್ಲಿ ಹತ್ತು ನಿಮಿಷ ಓಡಿಸಿದೆ. ಪೌಡರ್ ಹಾಗೇ ಇತ್ತು. ಪೂರ್ತಿ ಥ್ರಾಟಲ್ ಕೊಟ್ಟು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಿದೆ. ಈಗ ಸೀಲಿನ ಅಂಚಿನಲ್ಲಿ ಒಂದು ಕಪ್ಪು ಗೆರೆ. ಆಗ ತಲೆಗೆ ಹೊಳೆಯಿತು. ಸೀಲ್ ಸುಮ್ನೆ ಸೋರುತ್ತಿಲ್ಲ, ಒಳಗಿನಿಂದ ಯಾರೋ ತಳ್ಳುತ್ತಿದ್ದಾರೆ.

ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಅನಿಲ ಕ್ರ್ಯಾಂಕ್‌ಕೇಸಿಗೆ ಇಳಿಯುವುದು ಎಲ್ಲ ಎಂಜಿನ್ನಿನಲ್ಲೂ ಇದ್ದದ್ದೇ. ಅದು ಬ್ರೀದರ್ ಪೈಪಿನಿಂದ ಹೊರಗೆ ಹೋಗಬೇಕು. ಒಂದೋ ಅನಿಲ ಜಾಸ್ತಿ ಇಳಿಯುತ್ತಿದೆ, ಇಲ್ಲವೇ ಹೋಗಲು ದಾರಿ ಇಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆ ಏರ್‌ಸ್ಪೀಡ್ ಇಂಡಿಕೇಟರ್, ಅಂದರೆ ಗಾಳಿಯ ಒತ್ತಡದಿಂದ ವಿಮಾನದ ವೇಗ ತೋರಿಸುವ ಮೀಟರ್, ಹುಡುಕಿದೆ. ಅದೂ ಒತ್ತಡ ಅಳೆಯುವ ಮೀಟರೇ ತಾನೆ? ರಬ್ಬರ್ ಟ್ಯೂಬನ್ನು ಡಿಪ್‌ಸ್ಟಿಕ್ ಬಾಯಿಗೆ ಬಿಗಿಯಾಗಿ ಕೂರಿಸಿ, ಇನ್ನೊಂದು ತುದಿಯನ್ನು ಕಾಕ್‌ಪಿಟ್ಟಿಗೆ ಎಳೆದುಕೊಂಡೆ. ಐಡಲ್‌ನಲ್ಲಿ, ಅಂದರೆ ಎಂಜಿನ್ ನಿಧಾನಕ್ಕೆ ಓಡುವಾಗ, ಮುಳ್ಳು ಮಲಗಿತ್ತು. ಥ್ರಾಟಲ್ ತಳ್ಳಿದ ಹಾಗೆ ಏರಿತು, ಏರುತ್ತಲೇ ಹೋಯಿತು. ನಿಂತ ವಿಮಾನದ ಕ್ರ್ಯಾಂಕ್‌ಕೇಸ್ ಒಳ್ಳೆ ವೇಗದಲ್ಲಿ "ಹಾರುತ್ತಿತ್ತು".

ಇನ್ನು ಕಂಪ್ರೆಷನ್ ಟೆಸ್ಟ್, ಸಿಲಿಂಡರಿಗೆ ತುಂಬಿದ ಗಾಳಿ ಎಷ್ಟು ಸೋರುತ್ತದೆ ಅನ್ನುವ ಪರೀಕ್ಷೆ. 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟರೆ ನಾಲ್ಕೂ ಸಿಲಿಂಡರ್ 74ರಿಂದ 77 ಹಿಡಿದವು. ರಿಂಗ್‌ಗಳ ಮೇಲಿನ ಅನುಮಾನ ಅಲ್ಲಿಗೆ ಹೋಯಿತು. ಉಳಿದದ್ದು ಪೈಪ್ ಒಂದೇ. ಹೆಲ್ಪರ್ ಹುಡುಗ ಬ್ರೀದರ್ ಕಳಚಿ ಬೆಳಕಿಗೆ ಹಿಡಿದ. "ಸಾರ್, ಇದ್ರೊಳಗೆ ಮಣ್ಣು ಐತೆ!" ಅಂದ. ತಂತಿ ಹಾಕಿ ಎಳೆದರೆ ಬೆರಳುದ್ದದ ಮಣ್ಣಿನ ಗೂಡು. ಕುಂಬಾರ ಹುಳದ್ದು. ಗೋಡೆ ಮೂಲೆಯಲ್ಲಿ, ಕಿಟಕಿ ಚೌಕಟ್ಟಿನಲ್ಲಿ ಮಣ್ಣು ಮೆತ್ತುತ್ತಲ್ಲ, ಅದೇ ಕಡಜ. ಎಂಜಿನ್ ತಣ್ಣಗೆ ನಿಂತಿದ್ದ ಆ ತಿಂಗಳುಗಳಲ್ಲಿ ಅದಕ್ಕೆ ಒಳ್ಳೆ ಮನೆ ಸಿಕ್ಕಿತ್ತು. ಪಕ್ಕದಲ್ಲಿ ಕಡ್ಡಿ ತೂರುವಷ್ಟು ಸಂದು ಉಳಿದಿತ್ತು. ಐಡಲ್‌ಗೆ ಅದು ಸಾಕು, ಪೂರ್ತಿ ಥ್ರಾಟಲ್‌ಗೆ ಸಾಲದು.

ಇನ್ನೂ ಒಂದು ವಿಷಯ ಇತ್ತು. ಬ್ರೀದರಿನ ತುದಿ ಮಂಜುಗಟ್ಟಿ ಮುಚ್ಚಿದರೂ ಉಸಿರಾಡಲಿ ಅಂತ ಅನೇಕ ವಿಮಾನಗಳಲ್ಲಿ ಕೌಲಿಂಗಿನ ಒಳಗೇ ಪೈಪಿಗೆ ಒಂದು ಸಣ್ಣ ಸೀಳು ಇರುತ್ತದೆ. ಈ ಪೈಪಿನಲ್ಲಿ ಅದಿರಲಿಲ್ಲ. ಹಿಂದೆ ಯಾವಾಗಲೋ ಯಾರೋ ಸೀಳಿಲ್ಲದ ಪೈಪ್ ಹಾಕಿ ಕೈ ತೊಳೆದುಕೊಂಡಿದ್ದರು. ನಾನೂ ಸೀಲ್ ಬದಲಿಸುವಾಗ ಅದೇ ಎಂಜಿನ್ನಿನಲ್ಲಿ ಎರಡು ದಿನ ಕೈ ಆಡಿಸಿದ್ದೆ, ಆ ಪೈಪನ್ನು ಬಗ್ಗಿ ನೋಡಿರಲಿಲ್ಲ.

ಸರಿಯಾದ ಪಾರ್ಟ್ ನಂಬರಿನ, ಸೀಳಿರುವ ಪೈಪ್ ತರಿಸಿ ಹಾಕಿದೆವು. ನಾನು ಕೂರಿಸಿದ್ದ ಹೊಸ ಸೀಲ್ ಒತ್ತಡಕ್ಕೆ ಒಂದು ಕಡೆ ಮುಂದೆ ಸರಿದಿತ್ತು, ಅದನ್ನೂ ಬಿಸಾಕಿ ಇನ್ನೊಂದು ಕೂರಿಸಿದೆ. ಆಮೇಲೆ ಏರ್‌ಸ್ಪೀಡ್ ಮುಳ್ಳು ಮೇಲೇಳಲಿಲ್ಲ.

"ಪೈಪಿಗೆ ಬಿರಡೆ ಹಾಕಿಡೋಣ್ವಾ ಸಾರ್?" ಅಂತ ಹುಡುಗ ಕೇಳಿದ. ಬೇಡ ಅಂದೆ. ಯಾರಾದರೂ ತೆಗೆಯಲು ಮರೆತು ಸ್ಟಾರ್ಟ್ ಮಾಡಿದರೆ ಉಸಿರಾಡಲು ಆ ಸಣ್ಣ ಸೀಳೊಂದೇ ಗತಿ. ಬೆಳಗಿನ ತಪಾಸಣೆಯಲ್ಲಿ ಪೈಪಿನ ಬಾಯಿಗೆ ಟಾರ್ಚ್ ಹಾಕಿ ನೋಡುವುದನ್ನು ಪಟ್ಟಿಗೆ ಸೇರಿಸಿದೆವು. ಆ ಗೂಡನ್ನು ಒಡೆದಾಗ ಒಳಗೆ ಒಣಗಿದ ಜೇಡಗಳು ಒತ್ತೊತ್ತಾಗಿ ತುಂಬಿದ್ದವು, ಮರಿಗೆ ಕೂಡಿಟ್ಟ ಬುತ್ತಿ. ಒಂದು ಚೂರು ಇನ್ನೂ ನನ್ನ ಟೂಲ್ ಬಾಕ್ಸಿನಲ್ಲಿದೆ.